ಮುಂದಿನ ಸ್ಟೇಷನ್ ಅಂಧೇರಿ

ಬೆಳಗ್ಗೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಎರಡು ಸಂಗತಿ ಕಾಣುತ್ತವೆ. ಒಂದು, ಎದುರು ಕಟ್ಟಡದ ಎ.ಸಿ. ಡಬ್ಬದ ಹಿಂದೆ ಗೂಡು ಕಟ್ಟಿರುವ ಪಾರಿವಾಳ. ಇನ್ನೊಂದು, ಜೆ.ಪಿ. ರೋಡಿನ ಕಂಬಗಳ ಮೇಲೆ ವರ್ಸೋವಾ ಕಡೆಯಿಂದ ಬರುವ ಮೆಟ್ರೊ. ಎಂಟು ತಿಂಗಳ ಪಾಪುವಿಗೆ ಎರಡೂ ಒಂದೇ. ಯಾವುದನ್ನು ಕಂಡರೂ ಕಾಲು ಬಡಿಯುತ್ತಾನೆ. ಅವನನ್ನು ಒಂದು ಕೈಯಲ್ಲಿ ಸೊಂಟಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ರಾಗಿ ಮಣ್ಣಿ ಗಂಟಾಗದ ಹಾಗೆ ತಿರುವುತ್ತಾ ನಿಲ್ಲುವ ಹತ್ತು ನಿಮಿಷವೇ ನನ್ನ ಇಡೀ ದಿನದ ಸುಖ. ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ, ಮಗಳು ಇನ್ನೂ ಎದ್ದಿರುವುದಿಲ್ಲ, ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಊರಿನಲ್ಲಿ ನಮಗೆಲ್ಲ ಕಾಗೆ ಗುಬ್ಬಿ ತೋರಿಸಿ ಉಣ್ಣಿಸಿದ್ದರು. ಇಲ್ಲಿ ನಾನು ಮೆಟ್ರೊ ತೋರಿಸುತ್ತೇನೆ. ಒಂದು ರೈಲಿಗೆ ಎರಡು ತುತ್ತು ಲೆಕ್ಕ. ಘಾಟ್ಕೋಪರ್ ಕಡೆ ಹೋಗುವುದು ನಾಲ್ಕು, ಬರುವುದು ನಾಲ್ಕು ದಾಟುವಷ್ಟರಲ್ಲಿ ಬಟ್ಟಲು ಖಾಲಿ.

ಮಣ್ಣಿ ಮಾಡುವುದನ್ನು ಕಲಿಸಿದ್ದು ಅಮ್ಮ. ಬಾಣಂತನಕ್ಕೆಂದು ಸಾಗರದಿಂದ ಬಂದು ಮೂರು ತಿಂಗಳು ಇದ್ದಳು. ಪಾಪುವಿಗೆ ಎಣ್ಣೆ ಹಚ್ಚಿ ನೀರೆರೆಯಲು ದಿನಾ ಹತ್ತು ಗಂಟೆಗೆ ಮಾಲಿಶ್ ಬಾಯಿ ಬರುತ್ತಿದ್ದರು. ಕೊಂಕಣದವರು. ಅವರಿಗೆ ಮರಾಠಿ, ಅಮ್ಮನಿಗೆ ಕನ್ನಡ. ಬಚ್ಚಲಿನಲ್ಲಿ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದರು. ನೀರಿನ ಬಿಸಿಯ ವಿಷಯದಲ್ಲಿ ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ. ಅಮ್ಮ ಹೇಳುವ ಕಾಗೆ ಗುಬ್ಬಿ ಬಾಯಿಯ ಮಾತಿನಲ್ಲಿ ಕಾವೂ ಚಿವೂ. ಅಮ್ಮನ ದೃಷ್ಟಿಬೊಟ್ಟು ಬಾಯಿಗೆ ‘ತೀಟ್’. ಒಂದು ದಿನ ಒಬ್ಬರಿಗೆ ತಿಳಿಯದಂತೆ ಒಬ್ಬರು ಇಟ್ಟುಬಿಟ್ಟರು. ಆವತ್ತಿನ ಫೋಟೊದಲ್ಲಿ ಪಾಪುವಿನ ಎರಡು ಕೆನ್ನೆಯಲ್ಲೂ ಒಂದೊಂದು ಕಪ್ಪು ಚುಕ್ಕೆ.

ಅಮ್ಮ ಊರಿಗೆ ಹೊರಟ ಮೇಲೆ ಮನೆ ಸಪ್ಪಗಾಯಿತು. ಕೈಗೆ ಸಹಾಯ ಇಲ್ಲವಾದದ್ದು ಒಂದು. ಇನ್ನೊಂದು ನನಗೆ ತಡವಾಗಿ ಗೊತ್ತಾದದ್ದು: ಮನೆಯಲ್ಲಿ ಕನ್ನಡದ ಸದ್ದೇ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಪುಟ್ಟಿಗೆ ಈಗ ನಾಲ್ಕು ವರ್ಷ. ಎರಡೂವರೆಯವರೆಗೆ ಅರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದಳು. ಪ್ಲೇಸ್ಕೂಲಿಗೆ ಸೇರಿಸಿದೆವು. ಎರಡನೆಯ ತಿಂಗಳಲ್ಲಿ ಅಲ್ಲಿನ ಟೀಚರ್ ನಮ್ಮನ್ನು ಕೂರಿಸಿಕೊಂಡು, “ಮಗುವಿಗೆ ಗೊಂದಲ ಆಗ್ತಿದೆ, ಮನೇಲೂ ಇಂಗ್ಲಿಷೇ ಮಾತಾಡಿ” ಅಂದರು. ನಾವು ಹ್ಞೂಂ ಅಂದು ಬಂದೆವು. ತಪ್ಪನ್ನು ಅವರ ಮೇಲೆ ಹಾಕುವುದಿಲ್ಲ. ಹ್ಞೂಂ ಅಂದವರು ನಾವು. ಕೆಲವು ತಿಂಗಳು ನಾನೇ ಅವಳ ಹತ್ತಿರ ಇಂಗ್ಲಿಷಿನಲ್ಲಿ ಹಲ್ಲುಜ್ಜು, ಹಾಲು ಕುಡಿ ಅಂತ ಹೇಳಿದ್ದೇನೆ. ಆಟದ ಗೆಳತಿಯರಿಂದ ಹಿಂದಿ ತಾನೇ ಬಂತು. ಆಮೇಲೆ ನಾವು ಎಚ್ಚೆತ್ತು ಕನ್ನಡಕ್ಕೆ ಮರಳಿದರೂ ಅವಳು ಮರಳಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. “ಅರ್ಥ ಆಗತ್ತಲ್ಲ, ಸಾಕು” ಅಂತ ನಾನು, ನನ್ನ ಗಂಡ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಈ ಮಾತು ಬಂದು ಹೋಗಿರಬಹುದು.

ನಮ್ಮ ಬಿಲ್ಡಿಂಗಿನ ಮೊದಲನೇ ಮಹಡಿಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಕುಂದಾಪುರದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದ ತಲೆಮಾರು. ಈಗಲೂ ಬೆಳಗ್ಗೆ ‘ಕರ್ನಾಟಕ ಮಲ್ಲ’ ಹಿಡಿದುಕೊಂಡು ವಾಚ್‌ಮನ್ ಕುರ್ಚಿಯ ಪಕ್ಕ ಕೂರುತ್ತಾರೆ. ನಾನು ಪಾಪುವನ್ನು ಎತ್ತಿಕೊಂಡು ಕೆಳಗಿಳಿದರೆ ಪೇಪರು ಮಡಚಿ ಮಾತಿಗೆ ಸಿಗುತ್ತಾರೆ. ಒಂದು ದಿನ ನಾನು ಪುಟ್ಟಿಯ ಸಂಗತಿ ಹೇಳಿಕೊಂಡೆ. “ನಮ್ಮ ಮೊಮ್ಮಕ್ಕಳಿಗೂ ಸಣ್ಣ ಇರುವಾಗ ಚೆಂದ ಬರ್ತಿತ್ತಮ್ಮಾ. ಈಗ ನನ್ನ ಹತ್ರ ಮಾತಾಡ್ಲಿಕ್ಕೆ ಅವರಿಗೆ ವಿಷಯವೇ ಇಲ್ಲ” ಅಂದರು. ಅಂದು ಪೇಪರು ಬಿಡಿಸಿಕೊಂಡರು. ಆಗ ನನಗೆ ಆ ಮಾತಿನ ಎರಡನೆಯ ಭಾಗ ಅಷ್ಟು ಕೇಳಿಸಿರಲಿಲ್ಲ.

ಜುಲೈನ ಒಂದು ಸಂಜೆ. ಅಂಧೇರಿಯಲ್ಲಿ ಇರುವವರಿಗೆ ಗೊತ್ತು, ಜೋರು ಮಳೆ ಹಿಡಿದರೆ ಮೊದಲು ಮುಳುಗುವುದು ಸಬ್‌ವೇ. ಪೂರ್ವ, ಪಶ್ಚಿಮ ಎರಡು ಊರಾಗಿಬಿಡುತ್ತವೆ. ಗಂಡನ ಆಫೀಸು ಚಕಾಲಾದಲ್ಲಿ, ಪೂರ್ವಕ್ಕೆ. ಮೆಟ್ರೊ ಮೇಲಿಂದ ಹಾದುಬರುತ್ತದೆ, ನಿಜ, ಆದರೆ ಸ್ಟೇಷನ್ನಿನ ಮೆಟ್ಟಿಲಿನವರೆಗೂ ಸಾಲು ಇದೆ, ತಡವಾಗುತ್ತದೆ ಅಂತ ಫೋನ್ ಬಂತು. ಮನೆಯಲ್ಲಿ ಪಾಪು ಹಲ್ಲು ಬರುವ ಕಿರಿಕಿರಿಗೆ ಒಂದೇ ಸಮ ಅಳುತ್ತಿದ್ದ. ಎತ್ತಿದರೂ ಅಳು, ಇಳಿಸಿದರೂ ಅಳು. ನನಗೂ ಅಳು ಬರುವಂತಾಗಿತ್ತು.

ಪುಟ್ಟಿ ನೆಲದ ಮೇಲೆ ಬೆಡ್‌ಶೀಟ್ ಹಾಸಿ ರೈಲು ಮಾಡಿದಳು. ಎರಡು ಪ್ಲಾಸ್ಟಿಕ್ ಸ್ಟೂಲು, ಒಂದು ಬಕೆಟ್ಟು. ಪಾಪುವನ್ನು ನಡುವೆ ಕೂರಿಸಲು ನನಗೆ ಅಪ್ಪಣೆಯಾಯಿತು. ಅವಳೇ ಡ್ರೈವರು, ಅನೌನ್ಸ್‌ಮೆಂಟೂ ಅವಳದೇ. ಮೂಗು ಹಿಡಿದುಕೊಂಡು ಶುರುಮಾಡಿದಳು. “ಪುಢೀಲ್ ಸ್ಟೇಷನ್ ಅಂಧೇರಿ. ಅಗಲಾ ಸ್ಟೇಷನ್ ಅಂಧೇರಿ. ನೆಕ್ಸ್ಟ್ ಸ್ಟೇಷನ್ ಅಂಧೇರಿ.” ಅಷ್ಟಕ್ಕೆ ನಿಲ್ಲಿಸಿ, ಮೂಗು ಬಿಟ್ಟು, ಪಾಪುವಿನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು: “ಪಾಪೂ, ಮುಂದಿನ ಸ್ಟೇಷನ್ ಅಂಧೇರಿ. ಅಳಬಾರ್ದು ಕಣೋ. ಇಳಿಯೋಣ.”

ಪಾಪು ಅಳು ನಿಲ್ಲಿಸಿ ಅವಳ ಬಾಯಿಯನ್ನೇ ನೋಡಿದ. ನನಗೆ ಉಸಿರು ಸಿಕ್ಕಿಹಾಕಿಕೊಂಡ ಹಾಗಾಯಿತು. ಅಮ್ಮನ ದನಿಯ ಎಳೆತವೂ ಆ ‘ಕಣೋ’ದಲ್ಲಿತ್ತು. ಎಷ್ಟೋ ತಿಂಗಳಿಂದ ನಾವು ಗೋಗರೆದರೂ ಹೊರಬರದ ಕನ್ನಡ, ಯಾರೂ ಕೇಳದೆ ಬಂದಿತ್ತು.

ಆಸೆ ತಡೆಯಲಾಗದೆ ಕೇಳಿದೆ, “ಪಾಪುಗೆ ಮಾತ್ರ ಯಾಕೆ ಕನ್ನಡ?”

“ಅವ್ನು ಚಿಕ್ಕೋನಲ್ವಾ?” ಅಂದಳು. “ಸ್ಕೂಲಿಗೆ ಹೋದ್ಮೇಲೆ ಬೇರೇದು ಬರತ್ತೆ.”

ಆ ರಾತ್ರಿ ಇಬ್ಬರೂ ಮಲಗಿದ ಮೇಲೆ ಇದನ್ನೇ ಯೋಚಿಸಿದೆ. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಅವಳ ಹತ್ತಿರ ನಾವು ಕನ್ನಡದಲ್ಲಿ ಹೇಳುತ್ತಿದ್ದದ್ದು ಏನು? ಮಮ್ಮು ತಿನ್ನು, ತಾಚಿ ಮಾಡು, ಚಪ್ಪಲಿ ಹಾಕು. ಅವಳು ಬೆಳೆದಳು, ನಮ್ಮ ಕನ್ನಡ ಎರಡೂವರೆ ವರ್ಷದಲ್ಲೇ ಕೂತಿತ್ತು. ಡೈನೋಸಾರ್, ಆಕಾಶ, ಗೆಳತಿಯ ಜೊತೆಗಿನ ಜಗಳ, ಇವೆಲ್ಲ ಬೇರೆ ಭಾಷೆಯ ಪಾಲಾಗಿದ್ದವು. ತೊಟ್ಟಿಲಿನ ಹಾಗೆ ಕನ್ನಡವೂ ಚಿಕ್ಕದಾಯಿತು ಅಂತ ಅವಳಿಗೆ ಅನ್ನಿಸಿದರೆ ಆಶ್ಚರ್ಯವೇನು? ಅಜ್ಜ ಅಂದ ‘ವಿಷಯವೇ ಇಲ್ಲ’ ಆಗ ಕೇಳಿಸಿತು.

ಮಳೆ ಬಿಟ್ಟ ಒಂದು ಭಾನುವಾರ ಅವಳನ್ನು ಗಿಲ್ಬರ್ಟ್ ಹಿಲ್‌ಗೆ ಕರೆದುಕೊಂಡು ಹೋದೆವು. ಅಂಧೇರಿ ಪಶ್ಚಿಮದ ಕಟ್ಟಡಗಳ ನಡುವೆ 61 ಮೀಟರ್ ಎತ್ತರಕ್ಕೆ ನಿಂತ ಕರಿಬಂಡೆ. ತಲೆಯ ಮೇಲೆ ಗಾಂವ್‌ದೇವಿಯ ಗುಡಿ. ಪಾಪು ಅಪ್ಪನ ಎದೆಯ ಚೀಲದಲ್ಲಿ. ಮೆಟ್ಟಿಲು ಹತ್ತುತ್ತಾ ನಾನು ಪುಟ್ಟಿಗೆ ಹೇಳಿದೆ: ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕಾಲ ಮುಗಿಯುತ್ತಿದ್ದಾಗ, ನೆಲದೊಳಗಿಂದ ಬೆಂಕಿಯ ಹಾಗೆ ಸುಡುವ ಕಲ್ಲಿನ ಪಾಕ ಮೇಲೆ ಬಂತು. ತಣ್ಣಗಾದ ಮೇಲೆ ಹೀಗೆ ಕಂಬ ಕಂಬವಾಗಿ ಗಟ್ಟಿಯಾಯಿತು. ಪಾಕ ಅಂದರೆ ಅವಳಿಗೆ ತಿಳಿಯಲಿಲ್ಲ. “ಪಾಪುವಿನ ಮಣ್ಣಿ ಇದೆಯಲ್ಲ, ಕುದಿಯುವಾಗ ನೀರು ನೀರು, ಆರಿದ ಮೇಲೆ ಗಟ್ಟಿ, ಹಾಗೆ” ಅಂದೆ. ಅವಳು ಬಂಡೆಗೆ ಕೈಯಿಟ್ಟು ನೋಡಿದಳು. ಇನ್ನೂ ಬಿಸಿ ಇದೆಯೇನೋ ಅಂತ.

ವಾಪಸು ಬಂದಾಗ ಅಜ್ಜ ಲಿಫ್ಟಿನಲ್ಲಿ ಸಿಕ್ಕರು. ಪುಟ್ಟಿ ಅವರ ಲುಂಗಿ ಹಿಡಿದೆಳೆದು, “ಅಜ್ಜಾ, ವೋ ಬಂಡೆ ಹೈ ನಾ, ಪೆಹಲೇ ಮಣ್ಣಿ ಥಾ! ಡೈನೋಸಾರ್ ಟೈಮಲ್ಲಿ!” ಅಂದಳು.

ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. “ಹೌದಾ? ಎಂಥ ಮಣ್ಣಿ?” ಅಂದರು.

ಮೊದಲನೇ ಮಹಡಿ ಬಂತು. ಅವರು ಇಳಿಯಲಿಲ್ಲ. ನಮ್ಮ ಜೊತೆ ಐದನೆಯದರವರೆಗೂ ಬಂದರು. ಪುಟ್ಟಿ ಹೇಳುತ್ತಲೇ ಇದ್ದಳು, ಅರ್ಧ ಹಿಂದಿ, ಅರ್ಧ ಕನ್ನಡ. ನಾನು ತಿದ್ದಲಿಲ್ಲ.