ಪಂಚಮಿಯ ಲಿಂಬೆಹಣ್ಣು

ನಾಗರ ಪಂಚಮಿಯು ಧಾರವಾಡ ಪ್ರಾಂತದಲ್ಲಿ ಹೆಣ್ಣುಮಕ್ಕಳ ಹಬ್ಬವೆಂಬುದನ್ನು ವಾಚಕರು ಬಲ್ಲರು. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವರು. ಮರಮರಕ್ಕೂ ಜೋಕಾಲಿ ಕಟ್ಟುವರು. ಎಳ್ಳುಂಡಿ, ಶೇಂಗಾದ ಉಂಡಿ, ತಂಬಿಟ್ಟು, ಅಳ್ಳುಗಳಿಂದ ಮನೆಗಳು ತುಂಬಿರುವುವು. ಅಂದು ಗಂಡಸರು ಏನು ಮಾಡುವರೆಂಬುದನ್ನು ಬರೆದವರು ವಿರಳ. ಅವರು ಲಿಂಬೆಹಣ್ಣು ಒಗೆಯುವರು. ನಮ್ಮ ಮೈಸೂರಿನ ಕಡೆ ಒಗೆಯುವುದು ಬಟ್ಟೆಯನ್ನು. ಅಲ್ಲಿ ಆ ಧಾತುವಿಗೆ ಎಸೆಯುವುದೆಂದೇ ರೂಢಿಯ ಅರ್ಥ. ನವಲಗುಂದ ತಾಲ್ಲೂಕಿನಲ್ಲಿರುವ ಮಗಳ ಮನೆಗೆ ಹಬ್ಬಕ್ಕೆ ಹೋಗಿದ್ದಾಗ ಈ ಆಟವನ್ನು ಆದ್ಯಂತವಾಗಿ ನೋಡುವ ಯೋಗವು ನನಗೆ ಒದಗಿತು.

ಅದು ಎರೆಯ ಸೀಮೆ. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂತೆ ಬಿರಿಯುವ ಆ ಕರಿಯ ನೆಲವು, ಶ್ರಾವಣದಲ್ಲಿ ಒಂದು ಮಳೆ ಬಿದ್ದಿತೆಂದರೆ ಮೆಟ್ಟನ್ನು ಕಿತ್ತುಕೊಂಡು ಬಿಡುವುದು. ಮರಗಳು ಕಡಮೆ. ಕಣ್ಣು ಹರಿಯುವವರೆಗೂ ಹೆಸರಿನ ಬೆಳೆ. ನಡುವೆ ಒಂದು ಡಾಂಬರಿನ ದಾರಿ. ಈ ಆಟಕ್ಕೆ ಬೇರೆ ಅಂಗಣವಿಲ್ಲ, ದಾರಿಯೇ ಅಂಗಣ. ಮೋಟಾರುಗಳನ್ನು ತಡೆಯಲು ಹೆಗಲ ವಸ್ತ್ರ ಬೀಸುತ್ತ ಇಬ್ಬರು ಎರಡು ಕಡೆ ನಿಲ್ಲುವರು.

ಅಂದು ಪಣ ಹೂಡಿದವನು ತಾಯಿಯೊಡನೆ ಸೋದರಮಾವನ ಊರಿಗೆ ಬಂದಿದ್ದ ತರುಣ. "ಅಗಸಿಯಿಂದ ಹನುಮಪ್ಪನ ಗುಡಿ ಕಟ್ಟಿತನಕ ಇಪ್ಪತ್ತ ಸಲ ಒಗದು ಮುಟ್ಟಸ್ತೀನಿ, ಮಾಮಾ" ಎಂದು ಅವನು. "ಆಗೂದಿಲ್ಲ ತಮ್ಮಾ" ಎಂದು ಮಾವ. ಅಗಸಿಯೆಂದರೆ ಊರ ಬಾಗಿಲು. ಅಲ್ಲಿಂದ ಗುಡಿಗೆ ಸುಮಾರು ೧ ಕಿಲೋಮೀಟರು. ಪಣವು ೫ ಕೊಬ್ಬರಿ ಬಟ್ಟಲು. ಹಣ ಕಟ್ಟುವವರೂ ಉಂಟು. ಅದನ್ನು ಆಟವೆನ್ನಲು ನನ್ನ ಮನಸ್ಸು ಒಪ್ಪದು. ನಳನ ಕಥೆಯನ್ನೂ ಧರ್ಮರಾಯನ ಕಥೆಯನ್ನೂ ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಷ್ಟು ಅಂಜಿಕೆಯಿರುವುದು ಸಹಜ. ಕೊಬ್ಬರಿಯ ಪಣವಾದುದರಿಂದ ಎಣಿಕೆಯ ಕೆಲಸವನ್ನು ನಾನೇ ವಹಿಸಿಕೊಂಡೆನು.

ಆ ಊರಿನ ನಿಯಮಗಳು ಕೆಲವೇ. ಹಣ್ಣು ಉರುಳಿ ಎಲ್ಲಿ ನಿಲ್ಲುವುದೋ ಅಲ್ಲಿಂದಲೇ ಮುಂದಿನ ಎಸೆತ. ದಾರಿ ಬಿಟ್ಟು ಹೊಲಕ್ಕೆ ಬಿದ್ದರೆ ಹೊಲದಲ್ಲಿಯೇ ನಿಂತು ಎಸೆಯತಕ್ಕದ್ದು. ಒಡೆದರೆ ಹೊಸ ಹಣ್ಣು. ಕಳೆದುಹೋದರೆ ಹಿಂದಿನ ಸ್ಥಳದಿಂದಲೇ ಮತ್ತೊಮ್ಮೆ. ಆದರೆ ಕಳೆದ ಎಸೆತವೂ ಲೆಕ್ಕಕ್ಕೆ ಬರುವುದು. ಆದಕಾರಣ ಹಣ್ಣು ಬಿದ್ದೆಡೆಗೆ ಓಡುವ ಹುಡುಗನ ಕಣ್ಣಿಗೆ, ಎಸೆಯುವವನ ತೋಳಿನಷ್ಟೇ ಬೆಲೆ. ಕುರುಕುಮಾರರ ವೀಟೆಯು ಬಾವಿಗೆ ಬಿದ್ದಾಗ ತೆಗೆದುಕೊಡಲು ದ್ರೋಣಾಚಾರ್ಯರಿದ್ದರು. ಇಲ್ಲಿ ಆ ಕಾರ್ಯಕ್ಕೆ ತರುಣನ ಹತ್ತು ವರ್ಷದ ತಮ್ಮನಿದ್ದನು.

ಇನ್ನು ಉಪಾಯಗಳು. ಹಳದಿಗಟ್ಟಿದ ಮೆತ್ತನೆಯ ಹಣ್ಣು ಡಾಂಬರಿಗೆ ತಗುಲಿದೊಡನೆ ಒಡೆಯುವುದು. ದಪ್ಪ ಸಿಪ್ಪೆಯ, ಇನ್ನೂ ಹಸುರಿರುವ, ದುಂಡನೆಯದು ಉತ್ತಮ. ಆಕಾಶಕ್ಕೆ ಎಸೆಯುವವನು ನೋಡುವವರ ಮೆಚ್ಚಿಕೆಯನ್ನು ಮಾತ್ರ ಪಡೆಯುವನು. ತಗ್ಗಾಗಿ ಎಸೆದ ಹಣ್ಣು ಪುಟಿದು, ಉರುಳಿ, ಇನ್ನಷ್ಟು ದೂರ ಹೋಗುವುದು. ದಾರಿಯ ನಡುವೆ ಉಬ್ಬು, ಎರಡು ಅಂಚಿಗೂ ಇಳಿಜಾರು. ಉಬ್ಬಿನ ಮೇಲೆಯೇ ಬೀಳುವಂತೆ ಎಸೆಯದಿದ್ದರೆ ಹಣ್ಣು ಕೆಸರಿಗೆ ಇಳಿಯುವುದು. ೨೦ ಎಸೆತಕ್ಕೆ ೧೦೦೦ ಮೀಟರೆಂದರೆ ಒಂದಕ್ಕೆ ೫೦. ಒಂದು ಎಸೆತವು ೧೦ ಮೀಟರಿಗೇ ನಿಂತರೆ ಉಳಿದ ಪ್ರತಿಯೊಂದೂ ೫೨ಕ್ಕೆ ಮೇಲ್ಪಡಬೇಕು. ಎರಡು ಮೀಟರು ಅಲ್ಪವೆಂದು ತೋರಬಹುದು. ದಣಿದ ತೋಳಿಗೆ ಅದು ಅಲ್ಪವಲ್ಲ.

ತರುಣನ ತೋಳು ಬಲವಾದುದು. ೧೩ ಎಸೆತಗಳಲ್ಲಿ ಸುಮಾರು ೭೦೦ ಮೀಟರು ಕಳೆಯಿತು. ಉಳಿದ ಏಳಕ್ಕೆ ತಲಾ ೪೩ ಸಾಕಾಗಿತ್ತು. ಮಾವನ ಮುಖದಲ್ಲಿ ಮಾತ್ರ ಚಿಂತೆಯಿಲ್ಲ. "ತೋಳು ಹುಡುಗಂದರಿ ಮಾಸ್ತರ್ರ, ಹಾದಿ ನಮ್ದು" ಎಂದು ನನ್ನ ಕಿವಿಯಲ್ಲಿ ಹೇಳಿದನು. ಅಲ್ಲಿ ದಾರಿ ತಿರುಗುತ್ತದೆ. ತಿರುವಿನವರೆಗೆ ಒಂದು ಗಿಡ್ಡ ಎಸೆತ, ಅನಂತರ ನೇರ ದಾರಿ. ಆ ಊರಿನವರ ಕ್ರಮವಿದು. ತರುಣನು ಮೂಲೆಯನ್ನು ಕತ್ತರಿಸಿ ಹೊಲದ ಮೇಲಿನಿಂದ ಎಸೆದನು. ಹಣ್ಣು ಆಚೆಯ ದಾರಿಯನ್ನು ಮುಟ್ಟದೆ ಹೆಸರಿನ ಬೆಳೆಯಲ್ಲಿ ಮರೆಯಾಯಿತು.

ತಮ್ಮನು ಓಡಿಹೋಗಿ, "ಇಲ್ಲೈತಿ!" ಎಂದು ಕೂಗಿದನು. ನಾವು ಸೇರುವಷ್ಟರಲ್ಲಿ ಹಣ್ಣು ದಾರಿಯ ಅಂಚಿನ ಒಣ ನೆಲದ ಮೇಲಿತ್ತು. ಗದ್ದಲವೆದ್ದಿತು. ಹುಡುಗನ ಮೇಲೆ ಕೂಗಾಡುವವರೂ, ಹಬ್ಬದ ದಿನ ಪಣವೇ ಬೇಡವೆನ್ನುವವರೂ ಹೊರಟರು. ಮಾವನು ಯಾರಿಗೂ ಉತ್ತರ ಕೊಡದೆ ಬಗ್ಗಿ ಹೊಲದಲ್ಲಿ ಹುಡುಕುತ್ತ ನಡೆದನು. ಹಸಿ ಎರೆಯ ಗುಣವೆಂದರೆ, ಬಿದ್ದುದರ ಗುರುತನ್ನು ಅದು ಅಳಿಸದು. ನಾಲ್ಕು ಮಾರು ಹಿಂದೆ ಲಿಂಬೆಹಣ್ಣಿನ ಅಳತೆಯ ಒಂದು ಕುಳಿ ಸಿಕ್ಕಿತು. ಪಕ್ಕದಲ್ಲಿಯೇ ಹುಡುಗನ ಬರಿಗಾಲಿನ ಹೆಜ್ಜೆ. ತರುಣನು ತಮ್ಮನನ್ನು ಒಮ್ಮೆ ನೋಡಿ, ಹಣ್ಣನ್ನು ಎತ್ತಿಕೊಂಡು ಬಂದು, ಕೆಸರಿನಲ್ಲಿ ಆ ಕುಳಿಯ ಬಳಿ ನಿಂತನು. ಓಡಿಬಂದು ಎಸೆಯಲು ಅಲ್ಲಿ ಆಸ್ಪದವಿರಲಿಲ್ಲ. ಹದಿನೈದನೆಯದು ದಾರಿಗೆ ಬಂದು ಬಿದ್ದುದೇ ಹೆಚ್ಚು.

ಉಳಿದ ಐದನ್ನೂ ಚೆನ್ನಾಗಿಯೇ ಎಸೆದನು. ಇಪ್ಪತ್ತನೆಯದು ಪುಟಿದು, ಉರುಳಿ, ಕಟ್ಟೆಗೆ ಒಂದು ಮಾರು ಈಚೆಗೆ ನಿಂತಿತು. ನಾನು "ಇಪ್ಪತ್ತು" ಎಂದೆನು. ಯಾರೂ ಮಾತನಾಡಲಿಲ್ಲ.

ಸಂಜೆ ತರುಣನು ಅಂಗಡಿಯಿಂದ ೫ ಬಟ್ಟಲು ಕೊಬ್ಬರಿ ತಂದು ಮಾವನ ಮುಂದಿಟ್ಟನು. ಮಾವನು ಅವನ್ನು ಎಣಿಸಿ ತೆಗೆದುಕೊಂಡು, ಜೋಕಾಲಿಯ ಬಳಿ ನಿಂತಿದ್ದ ತನ್ನ ತಂಗಿಯ ಉಡಿಗೆ ಹಾಕಿದನು. ಆಕೆಯು ಆ ತರುಣನ ತಾಯಿ. ಚಿಕ್ಕವನು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದನು. ಮಾವನು ಒಂದು ಬಟ್ಟಲನ್ನು ಒಡೆದು ಮೊದಲ ಹೋಳನ್ನು ಅವನ ಕೈಯಲ್ಲಿಟ್ಟು, ಬರುವ ವರ್ಷ ಹಣ್ಣು ಕಂಡೊಡನೆ ಅಲ್ಲಿಯೇ ಕುಳಿತುಬಿಡಬೇಕೆಂದು ಹೇಳಿದನು.