ಬಸವಿ ಅನ್ನೋ ಬೈಗುಳ

ಮಗಳು ಸಂಜಿ ತಡಾ ಮಾಡಿ ಬಂದ್ರ "ಬಸವಿ ಹಂಗ ಊರು ತಿರಗ್ತೀಯೇನ?" ಅಂತ ಬೈತಿದ್ದೆ. ನಮ್ಮವ್ವ ನನಗ ಬೈದಿದ್ದೂ ಅದ ಮಾತು. ಮೊನ್ನೆ ಆಕಿ, "ಯವ್ವಾ, ಬಸವಿ ಅಂದ್ರೂ ಸೂಳೆ ಅಂದ್ರೂ ಒಂದ ಏನು?" ಅಂತ ಕೇಳಿಬಿಟ್ಲು.

ಒಂದ ಅಲ್ರೀ ಅಕ್ಕಾರ. ಸೂಳೆ ಅನ್ನೋದು ಕಸಬಿನ ಹೆಸರು. ನಮ್ಮ ಹಂಪ್ಯಾಗ ಅಚ್ಯುತರಾಯನ ಗುಡಿ ಮುಂದಿನ ಬೀದಿಗೆ ಇವತ್ತಿಗೂ ಸೂಳೆಬಜಾರ ಅಂತಾರ. ಬಸವಿ ಹಂಗಲ್ಲ. ನಮ್ಮ ಬಳ್ಳಾರಿ ಸೀಮ್ಯಾಗ ಗಂಡುಮಕ್ಕಳಿಲ್ಲದ ಎಷ್ಟೋ ಮನ್ಯಾಗ ಮಗಳನ್ನ ದೇವರ ಹೆಸರಿಲೆ ಬಸವಿ ಬಿಡ್ತಿದ್ರು. ಆಕಿ ಮದುವಿ ಆಗದ ತೌರಮನ್ಯಾಗ ಉಳದು, ಮಗನ ಹಂಗ ಆಸ್ತಿಗೆ ಹಕ್ಕುದಾರಳಾಗಿ, ಹೆತ್ತವರ ಮಣ್ಣನ್ನೂ ಮಾಡ್ತಿದ್ಲು. ಆಕಿ ಮಕ್ಕಳು ಆಕಿ ತಂದಿ ಮನಿತನಕ್ಕ ಸೇರ್ತಿದ್ವು. ಉಳ್ಳವರು ಆಕಿನ್ನ ಬಳಸಿ ಕೈಬಿಟ್ಟಿದ್ದೂ ಖರೆ.

ಬಿಟ್ಟವರು ಹೆತ್ತವರು, ಬಳಸಿದವರು ಗಂಡಸರು, ಹೆಸರು ಕೆಟ್ಟದ್ದು ಆಕಿದು. 1982ರ ದೇವದಾಸಿ ಕಾನೂನಿನ್ಯಾಗ ಹಿಂಗ ಬಿಡೋದು ಅಪರಾಧ ಆತು, ಬೈಗುಳ ಮಾತ್ರ ನಮ್ಮ ಬಾಯಾಗ ಉಳೀತು. ದೇವರಿಗೆ ಬಿಟ್ಟ ಗೂಳಿ ಹೊಲ ಮೇಯ್ದ್ರೂ ಬಸವಣ್ಣ ಅಂತ ಕೈ ಮುಗೀತೀವಿ.

ಈಗ ಮಗಳು ತಡಾ ಮಾಡಿದ್ರ ಆ ಮಾತು ನಾಲಗಿ ತುದಿತನ ಬರತೈತಿ. ನುಂಗಿಕೊಂಡು, "ಎಲ್ಲಿದ್ದಿ, ರೊಟ್ಟಿ ಆರಾಕತ್ತಾವು" ಅಂತೀನಿ.