ಹುಲಿಯ ಹಾಲು

ಉಪಾಧ್ಯಾಯನು ಒಂದು ಪುಟ ಬರೆದು ತರಹೇಳಿದರೆ ಅರ್ಧ ಪುಟ ತರುವವರೇ ಲೋಕದಲ್ಲಿ ಹೆಚ್ಚು. ಹೇಳಿದಷ್ಟನ್ನು ಅಚ್ಚುಕಟ್ಟಾಗಿ ಬರೆದು ತರುವವರು ಕೆಲವರು. ಕೇಳಿದುದು ಒಂದಾದರೆ ಹತ್ತನ್ನು ತಂದು ಮುಂದಿಟ್ಟು ಸುಮ್ಮನೆ ನಿಲ್ಲುವವನು ಗುರುವೊಬ್ಬನ ಆಯುಷ್ಯದಲ್ಲಿ ಒಮ್ಮೆ ದೊರೆತರೆ ಅದು ಆ ಗುರುವಿನ ಪುಣ್ಯವೆಂದೇ ಹೇಳಬೇಕು. ಅಂತಹವನು ಬಂದು ನಿಂತಾಗ ಪಾಠಶಾಲೆಯ ಧರ್ಮವೇನು? ‘ಕೇಳಿದುದು ಒಂದೇ, ಉಳಿದುದನ್ನು ಹಿಂದಕ್ಕೆ ಕೊಂಡುಹೋಗು’ ಎನ್ನಬೇಕೆ? ಅಥವಾ ತನ್ನ ನಿಯಮವನ್ನೇ ಕೊಂಚ ಸಡಲಿಸಬೇಕೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಟೋ ಕಾಲೇಜಿನಲ್ಲಿ 1996ರಲ್ಲಿ ಈ ಪ್ರಶ್ನೆ ಎದ್ದಿತು. ಅದಕ್ಕೆ ದೊರೆತ ಉತ್ತರವೇ ‘ಟೈಗರ್‌ಮಿಲ್ಕ್’, ಎಂದರೆ ಹುಲಿಯ ಹಾಲು, ಎಂಬ ಹತ್ತು ಹಾಡುಗಳ ಧ್ವನಿಮುದ್ರಿಕೆ. ಅದು ‘ಬೆಲ್ ಅಂಡ್ ಸೆಬಾಸ್ಟಿಯನ್’ ಎಂಬ ಗಾಯಕವೃಂದದ ಚೊಚ್ಚಲ ಕೃತಿ.

ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಬಂಡವಾಳದಲ್ಲಿ, ತಮ್ಮ ಮನಸ್ಸೊಪ್ಪಿದಂತೆ ಹಾಡಿ ಮುದ್ರಿಕೆಗಳನ್ನು ಹೊರತರುವ ಪದ್ಧತಿಯೊಂದು ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಿಂದ ಬೆಳೆದುಬಂದಿದೆ. ಸ್ವತಂತ್ರವೆಂಬ ಅರ್ಥದ ಇಂಗ್ಲಿಷ್ ಪದವನ್ನು ಮೊಟಕುಮಾಡಿ ಇದನ್ನು ‘ಇಂಡಿ’ ಎಂದು ಕರೆಯುವರು. ಗ್ಲಾಸ್ಗೋ ಈ ಪದ್ಧತಿಯ ತವರುಮನೆಗಳಲ್ಲೊಂದು. 1980ರಲ್ಲಿ ತನ್ನ ಮೊದಲ ಮುದ್ರಿಕೆಯನ್ನು ಹೊರತಂದ ‘ಪೋಸ್ಟ್‌ಕಾರ್ಡ್’ ಸಂಸ್ಥೆಯೂ, ಆ ಮುದ್ರಿಕೆಯಲ್ಲಿ ಹಾಡಿದ ‘ಆರೆಂಜ್ ಜ್ಯೂಸ್’ ವೃಂದವೂ ಅಲ್ಲಿಯವೇ. ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯಾಪಾರವನ್ನು ಕಲಿಸುವ ತರಗತಿಯೊಂದಿತ್ತು. ಕಲಿತುದು ಕೇವಲ ಪುಸ್ತಕಸ್ಥವಾಗಿ ಉಳಿಯದಿರಲೆಂದು ಆ ತರಗತಿಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಒಂದು ವೃಂದವನ್ನು ಆರಿಸಿ, ಹಾಡಿಸಿ, ಮುದ್ರಿಸಿ, ಹೊದಿಕೆ ಮಾಡಿಸಿ, ಪ್ರಚಾರ ನಡೆಸಿ ಮಾರಬೇಕಾಗಿತ್ತು. ಇದಕ್ಕೆಂದು ಕಾಲೇಜೇ ‘ಎಲೆಕ್ಟ್ರಿಕ್ ಹನಿ’ ಎಂಬ ಸಂಸ್ಥೆಯನ್ನು ಇಟ್ಟುಕೊಂಡಿತ್ತು. ವಾಡಿಕೆಯಂತೆ ಹೊರಬರುತ್ತಿದ್ದುದು ಒಂದೆರಡು ಹಾಡುಗಳ ಸಣ್ಣ ತಟ್ಟೆ ಮಾತ್ರ.

ಹತ್ತು ಹಾಡುಗಳನ್ನು ತಂದವನು ಆ ಕಾಲೇಜಿನ ವಿದ್ಯಾರ್ಥಿಯಲ್ಲ. ಅವನ ಹೆಸರು ಸ್ಟೂಅರ್ಟ್ ಮರ್ಡಾಕ್. 1968ರಲ್ಲಿ ಹುಟ್ಟಿದ ಇವನು ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1980ರ ದಶಕದ ಕೊನೆಯಲ್ಲಿ, ಒಂದು ವಿಚಿತ್ರ ವ್ಯಾಧಿಗೆ ತುತ್ತಾದನು. ವೈದ್ಯರು ಅದನ್ನು ಎಂ. ಇ. ಎಂದೂ ದೀರ್ಘಕಾಲಿಕ ಬಳಲಿಕೆಯ ರೋಗವೆಂದೂ ಕರೆಯುವರು. ಈ ರೋಗದಲ್ಲಿ ಸ್ವಲ್ಪ ದೂರ ನಡೆದರೂ ದೇಹವು ದಿನಗಟ್ಟಲೆ ಕುಸಿದುಹೋಗುವುದು. ನಿದ್ರೆಯಿಂದ ಎದ್ದರೂ ದಣಿವು ಆರದು. ನೆತ್ತರಿನ ಪರೀಕ್ಷೆಯಲ್ಲಿ ಇದೇ ರೋಗವೆಂದು ಬೆರಳಿಟ್ಟು ತೋರಿಸುವ ಗುರುತು ಯಾವುದೂ ಕಾಣದಿರುವುದರಿಂದ, ಸುತ್ತಲಿನವರು ಸೋಮಾರಿತನವೆಂದು ಸಂಶಯಪಡುವುದೂ ಉಂಟು. ಕಾಲು ಮುರಿದವನಿಗೆ ಲೋಕವು ಕುರ್ಚಿ ಕೊಡುತ್ತದೆ. ಕಾರಣ ಕಾಣದೆ ಬಳಲಿದವನಿಗೆ ಉಪದೇಶವನ್ನು ಕೊಡುತ್ತದೆ. ಓದು ನಿಂತಿತು, ಉದ್ಯೋಗ ಸಾಧ್ಯವಾಗಲಿಲ್ಲ. ಸುಮಾರು ಏಳು ವರ್ಷಗಳು ಹೀಗೆ ಕಳೆದುವು. ಸಮವಯಸ್ಕರು ಪದವಿ ಪಡೆದು, ಸಂಸಾರ ಹೂಡಿ ಮುಂದೆ ನಡೆದಿರಲು ಇವನು ಬದುಕಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗಿದ್ದನು. ಆದರೆ ಆ ಏಕಾಂತದಲ್ಲಿಯೇ ಹಾಡು ಕಟ್ಟುವುದನ್ನು ಕಲಿತನು.

1995ರ ಹೊತ್ತಿಗೆ ರೋಗವು ಬಹುಮಟ್ಟಿಗೆ ಇಳಿಮುಖವಾಯಿತು. ನಿರುದ್ಯೋಗಿಗಳಾದ ಸಂಗೀತಗಾರರಿಗೆಂದು ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ತರಬೇತಿಯ ತರಗತಿಗೆ ಮರ್ಡಾಕನು ಸೇರಿದನು. ಅಲ್ಲಿ ಸ್ಟೂಅರ್ಟ್ ಡೇವಿಡ್ ಎಂಬ ಮತ್ತೊಬ್ಬ ಯುವಕನ ಸ್ನೇಹವಾಯಿತು. ಇಬ್ಬರೂ ಸೇರಿ ಕೆಲವು ಹಾಡುಗಳನ್ನು ಪ್ರಯೋಗಾರ್ಥವಾಗಿ ಮುದ್ರಿಸಿಕೊಂಡರು. ಆ ಪ್ರತಿಯು ಸ್ಟೋ ಕಾಲೇಜನ್ನು ಮುಟ್ಟಿತು. ವೃಂದದ ಮದ್ದಳೆಗಾರನಾದ ರಿಚರ್ಡ್ ಕೋಲ್‌ಬರ್ನನು ಅಲ್ಲಿಯ ವಿದ್ಯಾರ್ಥಿ. ಪಾಠ ಹೇಳುತ್ತಿದ್ದವರು ಆಲನ್ ರ್‍ಯಾಂಕೀನರು. ರ್‍ಯಾಂಕೀನರು ತಾವೇ ‘ಅಸೋಸಿಯೇಟ್ಸ್’ ಎಂಬ ವೃಂದದಲ್ಲಿದ್ದು 1982ರಲ್ಲಿ ಜನಪ್ರಿಯತೆಯ ಶಿಖರವನ್ನೂ, ಬಳಿಕ ಅದರ ಇಳಿಜಾರನ್ನೂ ಕಂಡು ಬಂದವರು. ಕೇಳಿದವರಿಗೆ ಹಾಡುಗಳು ಹಿಡಿಸಿದುವು. ಇವನಲ್ಲಿ ಸಿದ್ಧವಾಗಿರುವುವು ಒಂದೆರಡಲ್ಲ, ಪೂರ್ಣ ಸಂಪುಟಕ್ಕೆ ಸಾಕಾಗುವಷ್ಟು ಎಂಬುದೂ ತಿಳಿಯಿತು. ಆ ವರ್ಷ ಕಾಲೇಜು ವಾಡಿಕೆಯನ್ನು ಬಿಟ್ಟು ಹತ್ತು ಹಾಡುಗಳ ದೊಡ್ಡ ತಟ್ಟೆಯನ್ನೇ ಹೊರತರಲು ಒಪ್ಪಿತು. ಈ ಕಥೆಯಲ್ಲಿ ಗುರುಸ್ಥಾನವು ಮಾಡಿದ ಮಹತ್ಕಾರ್ಯ ಇಷ್ಟೇ. ಅದು ಹಾಡನ್ನು ಕಲಿಸಲಿಲ್ಲ, ತಿದ್ದಲಿಲ್ಲ. ಬಂದವನಿಗೆ ಬಾಗಿಲನ್ನು ಕೊಂಚ ಅಗಲವಾಗಿ ತೆರೆಯಿತು.

ಕಾವಾ ಎಂಬ ಗ್ಲಾಸ್ಗೋದ ಧ್ವನಿಮುದ್ರಣ ಶಾಲೆಯಲ್ಲಿ ಕೆಲಸ ಮುಗಿಯಲು ಒಂದು ವಾರವೂ ಹಿಡಿಯಲಿಲ್ಲ. ವೃಂದದವರು ಒಟ್ಟಿಗೆ ನುಡಿಸತೊಡಗಿ ಬಹುಕಾಲವಾಗಿರಲಿಲ್ಲ. ಸ್ಟೀವೀ ಜ್ಯಾಕ್‌ಸನ್ನನ ಗಿಟಾರು, ಇಸೊಬೆಲ್ ಕ್ಯಾಂಪ್‌ಬೆಲ್ಲಳ ಚೆಲ್ಲೋ, ಕ್ರಿಸ್ ಗೆಡ್ಡಿಸನ ಪಿಯಾನೋ ಇವುಗಳ ನಡುವೆ ಮರ್ಡಾಕನ ಕಂಠವು ಪಿಸುಮಾತಿಗಿಂತ ಸ್ವಲ್ಪವೇ ಮೇಲಿರುವುದು. ಆ ಕಾಲದ ಬ್ರಿಟನ್ನಿನಲ್ಲಿ ‘ಒಯಾಸಿಸ್’ ಮೊದಲಾದ ವೃಂದಗಳು ಸಹಸ್ರಾರು ಜನರ ಮುಂದೆ ಗರ್ಜಿಸುತ್ತಿದ್ದುವು. ಅಂತಹ ಗದ್ದಲದಲ್ಲಿ ಈ ಮೆಲ್ಲುಲಿಯನ್ನು ಯಾರು ಕೇಳಬೇಕು? 1996ರ ಜೂನ್ ತಿಂಗಳಿನಲ್ಲಿ ಮುದ್ರಿಕೆ ಹೊರಬಂದಾಗ ಒತ್ತಿಸಿದ ಪ್ರತಿಗಳು 1000 ಮಾತ್ರ.

ಹುಲಿಯ ಹಾಲೆಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ರಾಣಿಯ ತಲೆನೋವಿಗೆ ಅದೇ ಮದ್ದೆಂದು ಬಾಲಕನನ್ನು ಕಾಡಿಗಟ್ಟಿದ ಕಥೆ. ಈ ಮುದ್ರಿಕೆಯ ಹೊದಿಕೆಯ ಮೇಲೆ ಅದು ತಿರುವುಮುರುವಾಗಿದೆ. ಮರ್ಡಾಕನೇ ತೆಗೆದ ಹಸಿರು ಛಾಯೆಯ ಚಿತ್ರದಲ್ಲಿ ತರುಣಿಯೊಬ್ಬಳು ಆಟದ ಹುಲಿಮರಿಗೆ ಮೊಲೆಯೂಡುತ್ತಿರುವಳು. ವೃಂದದ ಹೆಸರೂ ಬಾಲ್ಯದಿಂದಲೇ ಬಂದುದು. ಫ್ರೆಂಚ್ ಲೇಖಕಿ ಸೆಸಿಲ್ ಓಬ್ರಿ ಬರೆದ ಕಥೆಯಲ್ಲಿ ಸೆಬಾಸ್ಟಿಯನ್ ಒಬ್ಬ ಹುಡುಗ, ಬೆಲ್ ಅವನ ಬಿಳಿಯ ನಾಯಿ.

ಇನ್ನು ಹಾಡುಗಳ ವಿಚಾರ. ಇವುಗಳನ್ನು ಉಪಾಧ್ಯಾಯವೃತ್ತಿಯವರು ಕೇಳತಕ್ಕದ್ದು ಏಕೆಂದರೆ, ಪಾಠಶಾಲೆಯ ಖರ್ಚಿನಲ್ಲಿ ಸಿದ್ಧವಾದ ಈ ಕೃತಿಯಲ್ಲಿ ಪಾಠಶಾಲೆಯ ಮೇಲಿನ ಆಕ್ಷೇಪವೂ ಅಡಗಿದೆ. ‘ಎಕ್ಸ್‌ಪೆಕ್ಟೇಷನ್ಸ್’ ಎಂಬ ಹಾಡಿನ ಹುಡುಗಿಯು ತನಗೆ ಪ್ರಿಯವಾದ ವಾದ್ಯವೃಂದದವರ ಆಳೆತ್ತರದ ಮಣ್ಣಿನ ಮೂರ್ತಿಗಳನ್ನು ಮಾಡುತ್ತಾಳೆ. ಶಾಲೆಯಲ್ಲೆಲ್ಲ ವಿಲಕ್ಷಣಳೆಂಬ ಹೆಸರನ್ನು ಹೊರುತ್ತಾಳೆ. ಆಳೆತ್ತರದ ಮೂರ್ತಿಯನ್ನು ನಿಲ್ಲಿಸಬಲ್ಲ ಕೈ ಎಷ್ಟು ಅಪರೂಪವೆಂದು ಕೇಳುವವರು ಅಲ್ಲಿ ಇಲ್ಲ. ‘ವಿ ರೂಲ್ ದಿ ಸ್ಕೂಲ್’ ಎಂಬುದರ ಶೀರ್ಷಿಕೆ ಶಾಲೆಯನ್ನು ಆಳುವವರು ನಾವೇ ಎಂಬ ಗರ್ವೋಕ್ತಿ. ಆದರೆ ಅದು ಬರೆಯಲ್ಪಟ್ಟಿರುವುದು ಊರಿನ ಬಸ್ಸು ನಿಲ್ಲುವ ತಾಣದಲ್ಲಿ, ಸ್ವರವೋ ಮೃದುವಾದ ಪಿಯಾನೋದ್ದು. ಏನನ್ನೂ ಆಳದ ಮಕ್ಕಳ ಸಾಮ್ರಾಜ್ಯವದು. ಗೋಡೆಯ ಮೇಲೆ ಗೀಚಿದವರನ್ನು ಹಿಡಿದು ದಂಡಿಸಿದ ಗುರುಗಳು ಎಲ್ಲ ದೇಶಗಳಲ್ಲಿಯೂ ಇರುವರು. ಗೀಚಿದುದನ್ನು ನಿಂತು ಓದಿದವರು ಎಷ್ಟು ಮಂದಿ? ‘ಐ ಕುಡ್ ಬಿ ಡ್ರೀಮಿಂಗ್’ ಎಂಬ ಹಾಡಿನ ಕೊನೆಯಲ್ಲಿ ಇಸೊಬೆಲಳು ರಿಪ್ ವ್ಯಾನ್ ವಿಂಕಲ್ಲನ ಕಥೆಯ ಭಾಗವನ್ನು ಓದುತ್ತಾಳೆ. ಇಪ್ಪತ್ತು ವರ್ಷ ಮಲಗಿದ್ದು ಎದ್ದು ಊರಿಗೆ ಬಂದವನ ಕಥೆಯನ್ನು ಏಳು ವರ್ಷ ಕಳೆದುಕೊಂಡವನ ಹಾಡಿನಲ್ಲಿ ಕೇಳುವಾಗ ಅದು ಕೇವಲ ಅಲಂಕಾರವೆನಿಸದು.

ಮೊದಲ ಹಾಡಿಗೂ ಕೊನೆಯ ಹಾಡಿಗೂ ಇರುವ ನಂಟು ಎಲ್ಲಕ್ಕಿಂತ ಗಮನಾರ್ಹ. ‘ದಿ ಸ್ಟೇಟ್ ಐ ಆಮ್ ಇನ್’, ಎಂದರೆ ‘ಈಗಿನ ನನ್ನ ಸ್ಥಿತಿ’, ಎಂಬ ಮೊದಲ ಹಾಡಿನಲ್ಲಿ ಒಬ್ಬನು ಪಾದ್ರಿಯ ಬಳಿ ತನ್ನ ಪಾಪಗಳನ್ನು ನಿವೇದಿಸಿಕೊಳ್ಳಲು, ಪಾದ್ರಿಯು ಅವನ್ನೆಲ್ಲ ಸೇರಿಸಿ ಅದೇ ಹೆಸರಿನ ಸಣ್ಣ ಕಾದಂಬರಿಯೊಂದನ್ನು ಬರೆದುಬಿಡುತ್ತಾನೆ. ಕೊನೆಯ ಹಾಡಿನಲ್ಲಿ ಮೇರಿ ಜೋ ಎಂಬ ಒಂಟಿ ಹೆಂಗಸು ಮನೆಯಲ್ಲಿ ಕುಳಿತು ಅದೇ ಪುಸ್ತಕವನ್ನು ಓದುತ್ತಿದ್ದಾಳೆ. ಒಬ್ಬನ ಗುಟ್ಟಿನ ನೋವು, ಅವನು ಎಂದೂ ಕಾಣದ ಮತ್ತೊಬ್ಬಳ ಕೈಯನ್ನು ಹೀಗೆ ಸೇರಿತು. ಸಾಹಿತ್ಯವೆಂದರೆ ಇದೇ ಅಲ್ಲವೆ ಎಂದು ಸಂತೋಷಪಡುವಷ್ಟರಲ್ಲಿ, ಆ ಪುಸ್ತಕದಿಂದ ಅವಳಿಗೆ ಏನೂ ಉಪಯೋಗವಾಗಲಿಲ್ಲವೆಂದು ಹಾಡೇ ಹೇಳಿಬಿಡುತ್ತದೆ. ಏಳು ವರ್ಷ ಮದ್ದನ್ನು ಕಾದು ಕುಳಿತವನಿಗೆ ಯಾವುದು ಮದ್ದು, ಯಾವುದು ಮದ್ದಲ್ಲ ಎಂಬುದು ಚೆನ್ನಾಗಿ ತಿಳಿದಿದ್ದಿತು. ತನ್ನ ಸರಕನ್ನು ಅಮೃತವೆಂದು ಕೂಗಿ ಮಾರದಿರುವ ಈ ಪ್ರಾಮಾಣಿಕತೆಯೇ ಕೃತಿಯ ಜೀವಾಳ.

ಮುಂದಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಅದೇ 1996ರ ನವೆಂಬರಿನಲ್ಲಿ ವೃಂದದ ಎರಡನೆಯ ಸಂಪುಟವು ‘ಜೀಪ್‌ಸ್ಟರ್’ ಎಂಬ ಸಂಸ್ಥೆಯಿಂದ ಹೊರಬಂದು ಹೆಸರು ಹರಡಿತು. ಆಗ ಮೊದಲನೆಯದಕ್ಕಾಗಿ ಜನರು ಹುಡುಕತೊಡಗಿ, ಆ 1000 ಪ್ರತಿಗಳು ಒಂದೊಂದೂ ನೂರಾರು ಪೌಂಡಿಗೆ ಕೈ ಬದಲಾಯಿಸಿದುವು. ಹಣವಿಲ್ಲದವರು ಕ್ಯಾಸೆಟ್ಟುಗಳಲ್ಲಿ ನಕಲು ಮಾಡಿಕೊಂಡು ಕೇಳಿದರು. 1999ರಲ್ಲಿ ವೃಂದಕ್ಕೆ ಬ್ರಿಟನ್ನಿನ ಶ್ರೇಷ್ಠ ನವಾಗತರೆಂಬ ಬ್ರಿಟ್ ಪ್ರಶಸ್ತಿ ಬಂದಿತು. ಅದೇ ವರ್ಷ ‘ಹುಲಿಯ ಹಾಲು’ ಮರುಮುದ್ರಣಗೊಂಡು ಸರ್ವರಿಗೂ ದೊರೆಯಿತು. ಸ್ಟೋ ಕಾಲೇಜು 2013ರಲ್ಲಿ ಬೇರೆರಡು ಕಾಲೇಜುಗಳೊಡನೆ ಕೂಡಿ ಗ್ಲಾಸ್ಗೋ ಕೆಲ್ವಿನ್ ಕಾಲೇಜಾಯಿತು. ರ್‍ಯಾಂಕೀನರು 2023ರ ಜನವರಿಯಲ್ಲಿ ತೀರಿಕೊಂಡರು. ತನ್ನ ರೋಗದ ವರ್ಷಗಳನ್ನು ಆಧರಿಸಿ ಮರ್ಡಾಕನು ಬರೆದ ಕಾದಂಬರಿ, ‘ನೋಬಡೀಸ್ ಎಂಪೈರ್’, 2024ರಲ್ಲಿ ಪ್ರಕಟವಾಯಿತು. ಪಾದ್ರಿಗೆ ಹೇಳಿದುದನ್ನು ಕೊನೆಗೆ ತಾನೇ ಬರೆದಂತಾಯಿತು.

ಆ ತರಗತಿಯಲ್ಲಿ ಆ ವರ್ಷ ಯಾರಿಗೆ ಎಷ್ಟು ಅಂಕಗಳು ಬಂದುವೆಂಬುದು ಈಗ ಯಾರಿಗೂ ಬೇಕಾಗಿಲ್ಲ. ಒಂದು ಕೇಳಿದಲ್ಲಿ ಹತ್ತನ್ನು ತಂದವನನ್ನು ಹಿಂದಕ್ಕೆ ಕಳುಹಿಸಲಿಲ್ಲವೆಂಬುದೊಂದೇ ಉಳಿದಿದೆ. ಹಾಜರಿ ಕೂಗುವಾಗ ಉತ್ತರ ಬಾರದ ಹೆಸರುಗಳು ಪ್ರತಿಯೊಂದು ಶಾಲೆಯಲ್ಲಿಯೂ ಒಂದೆರಡಿರುತ್ತವೆ. ಅವರಲ್ಲಿ ಎಲ್ಲರೂ ಹಾಡು ಕಟ್ಟುತ್ತಿರಲಾರರು. ಆದರೆ ಎಲ್ಲರೂ ಸುಮ್ಮನೆ ಮಲಗಿರುವರೆಂದು ಗೆರೆ ಎಳೆಯುವ ಮುನ್ನ, ಲೇಖನಿಯನ್ನು ಒಂದು ಕ್ಷಣ ತಡೆಹಿಡಿಯುವುದು ಗುರುವಿಗೆ ಒಪ್ಪುವ ಮಾತು.